ತೆರೆಯ ನಡುವೆ ನೀರಿನ ಮಟ್ಟ: ರೇಡಿಯೋ ದೂರದರ್ಶಕಗಳಲ್ಲಿ ಸೂಕ್ಷ್ಮತೆ ಮತ್ತು ಗದ್ದಲ

ಕಾರವಾರದ ಬೈತಖೋಲ ಬಂದರಿನ ಧಕ್ಕೆಯ ಅಂಚಿನಲ್ಲಿ ನಿಂತು, ಸೆಂಟಿಮೀಟರ್ ಗೆರೆಗಳನ್ನು ಬರೆದ ಬಿದಿರಿನ ಗಳವೊಂದನ್ನು ನೀರಿಗೆ ಇಳಿಬಿಟ್ಟು, ಉಬ್ಬರ ಎಷ್ಟು ಏರಿದೆ ಎಂದು ಓದಲು ಹೊರಟವರಿಗೆ ಒಂದು ತೊಡಕು ಕೂಡಲೇ ಎದುರಾಗುತ್ತದೆ. ನೀರು ನಿಲ್ಲುವುದೇ ಇಲ್ಲ. ಕಳೆದ ಬೇಸಿಗೆಯಲ್ಲಿ ಅಕ್ಕನ ಮಗನ ಜೊತೆ ನಾನು ಈ ಕೆಲಸ ಮಾಡಿದಾಗ ಮೊದಲ ಐದು ಅಳತೆಗಳು 112, 147, 96, 131, 104 ಎಂದು ಬಂದವು. ಇದರಲ್ಲಿ ಯಾವುದು ಸರಿ ಎಂದು ಹುಡುಗ ಕೇಳಿದ. ಪಕ್ಕದಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ, "ತೆರೆ ನೋಡಬೇಡ ತಮ್ಮಾ, ನೀರು ನೋಡು" ಎಂದರು. ರೇಡಿಯೋ ಖಗೋಳಶಾಸ್ತ್ರದಲ್ಲಿ ಸೂಕ್ಷ್ಮತೆ ಎಂದರೆ ಏನು, ಗದ್ದಲ ಎಂದರೆ ಏನು ಎಂಬುದನ್ನು ವಿವರಿಸಲು ಆ ಮಾತಿಗಿಂತ ಒಳ್ಳೆಯ ಆರಂಭ ನನಗೆ ಇದುವರೆಗೂ ಸಿಕ್ಕಿಲ್ಲ.

ಆ ಐದು ಅಳತೆಗಳ ಸರಾಸರಿ 118. ಒಂದೊಂದು ಅಳತೆಯೂ ಸರಾಸರಿಯಿಂದ ಸುಮಾರು 20 ಸೆಂಟಿಮೀಟರ್ ಆಚೀಚೆ ಸರಿದಿರುತ್ತದೆ. ಆದರೆ ತೆರೆಯ ಏರು ಮತ್ತು ಇಳಿವು ಒಂದನ್ನೊಂದು ಅಳಿಸುವುದರಿಂದ, 16 ಅಳತೆಗಳ ಸರಾಸರಿಯಲ್ಲಿ ಅನಿಶ್ಚಿತತೆ 5 ಸೆಂಟಿಮೀಟರಿಗೆ ಇಳಿಯುತ್ತದೆ, 100 ಅಳತೆಗಳಲ್ಲಿ 2 ಸೆಂಟಿಮೀಟರಿಗೆ. ಅಳತೆಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಮಾತ್ರ ನಿಖರತೆ ಹೆಚ್ಚುತ್ತದೆ ಎಂಬ ಈ ನಿಯಮ ಬಹಳ ಕಟ್ಟುನಿಟ್ಟಿನದು. ಅನಿಶ್ಚಿತತೆಯನ್ನು ಅರ್ಧ ಮಾಡಬೇಕಾದರೆ ನಾಲ್ಕು ಪಟ್ಟು ದುಡಿಯಬೇಕು, ಹತ್ತರಲ್ಲಿ ಒಂದಕ್ಕೆ ಇಳಿಸಬೇಕಾದರೆ ನೂರು ಪಟ್ಟು. ಇನ್ನೊಂದು ಷರತ್ತೂ ಇದೆ: ಅಳತೆಗಳು ಒಂದಕ್ಕೊಂದು ಸ್ವತಂತ್ರವಾಗಿರಬೇಕು. ಒಂದೇ ತೆರೆಯ ತಲೆಯ ಮೇಲೆ ಅರ್ಧ ಸೆಕೆಂಡಿನೊಳಗೆ ಹತ್ತು ಸಲ ಓದಿದರೆ ಅದು ಹತ್ತು ಅಳತೆ ಎನಿಸುವುದಿಲ್ಲ, ಒಂದೇ ಅಳತೆಯನ್ನು ಹತ್ತು ಸಲ ಬರೆದಂತಾಗುತ್ತದೆ. ಮುಂದಿನ ಹೊಸ ಸಂಗತಿ ತಿಳಿಯಬೇಕಾದರೆ ನೀರು ತನ್ನ ಹಿಂದಿನ ಸ್ಥಿತಿಯನ್ನು ಮರೆಯುವವರೆಗೆ ಕಾಯಬೇಕು.

ಈಗ ಆಕಾಶದತ್ತ ತಿರುಗೋಣ. ರೇಡಿಯೋ ತರಂಗಗಳ ತೀವ್ರತೆಯನ್ನು ಅಳೆಯುವ ಮಾನಕ್ಕೆ ಜಾನ್‌ಸ್ಕಿ ಎಂದು ಹೆಸರು. ಅಮೆರಿಕದ ನ್ಯೂಜೆರ್ಸಿಯಲ್ಲಿ 20.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ರೇಡಿಯೋ ಸಂಪರ್ಕಕ್ಕೆ ತೊಡಕಾಗುವ ಸದ್ದುಗಳ ಮೂಲವನ್ನು ಹುಡುಕುತ್ತಿದ್ದ ಕಾರ್ಲ್ ಜಾನ್‌ಸ್ಕಿ, ಅದರಲ್ಲಿ ಒಂದು ಪಾಲು ನಮ್ಮ ಆಕಾಶಗಂಗೆಯಿಂದಲೇ ಬರುತ್ತಿದೆ ಎಂದು 1933ರಲ್ಲಿ ಪ್ರಕಟಿಸಿದರು. ಅವರ ಹೆಸರಿನ ಈ ಮಾನ, ಒಂದು ಚದರ ಮೀಟರಿಗೆ, ಒಂದು ಹರ್ಟ್ಸ್ ಅಗಲಕ್ಕೆ, 10ರ ಮೈನಸ್ 26ನೇ ಘಾತದಷ್ಟು ವಾಟ್. ಇದು ಎಷ್ಟು ಚಿಕ್ಕದು ಎಂಬುದಕ್ಕೆ ಒಂದು ಲೆಕ್ಕ ಮಾಡಬಹುದು. ಒಂದು ವಾಟ್ ಶಕ್ತಿಯನ್ನು 200 ಕಿಲೋಹರ್ಟ್ಸ್ ಅಗಲದಲ್ಲಿ ಎಲ್ಲ ದಿಕ್ಕಿಗೂ ಬೀರುವ ಮೊಬೈಲ್ ಫೋನನ್ನು ಚಂದ್ರನ ಮೇಲೆ ಇಟ್ಟರೆ, ಭೂಮಿಯಲ್ಲಿ ಅದರ ತೀವ್ರತೆ ಸುಮಾರು 270 ಜಾನ್‌ಸ್ಕಿ ಇರುತ್ತದೆ. ಖಗೋಳ ವಿಜ್ಞಾನಿಗಳು ದಿನವೂ ಹುಡುಕುವ ಗೆಲಾಕ್ಸಿಗಳದ್ದು ಒಂದು ಮಿಲಿಜಾನ್‌ಸ್ಕಿ, ಎಂದರೆ ಜಾನ್‌ಸ್ಕಿಯ ಸಾವಿರದಲ್ಲಿ ಒಂದು ಭಾಗ, ಅಥವಾ ಅದಕ್ಕಿಂತಲೂ ಕಡಿಮೆ.

ಇಷ್ಟು ಕ್ಷೀಣವಾದ ಸಂಕೇತ ಮುಳುಗಿಹೋಗುವುದು ಯಾವುದರಲ್ಲಿ? ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದ ಖೋಡದ್ ಎಂಬಲ್ಲಿರುವ ಜಿಎಂಆರ್‌ಟಿ (ಜಯಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪ್) ದೂರದರ್ಶಕ ಸಮೂಹವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಲಾದ ಇದರಲ್ಲಿ 45 ಮೀಟರ್ ವ್ಯಾಸದ 30 ತಟ್ಟೆಗಳಿವೆ. ತಟ್ಟೆ ಎಂದರೆ ಲೋಹದ ಹಾಳೆಯಿಂದ ಮಾಡಿದ್ದೇನೂ ಅಲ್ಲ. ತೆಳುವಾದ ಉಕ್ಕಿನ ತಂತಿಯ ಬಲೆ, ಅದರ ಕಣ್ಣು 10ರಿಂದ 20 ಮಿಲಿಮೀಟರ್. ತರಂಗಾಂತರ ಅಂಗೈ ಅಗಲಕ್ಕಿಂತ ದೊಡ್ಡದಾದ ರೇಡಿಯೋ ಅಲೆ ಈ ಕಣ್ಣಿನಲ್ಲಿ ಹೆಚ್ಚಾಗಿ ನುಸುಳಲಾರದು. ಗಾಳಿ ಮಾತ್ರ ಸರಾಗವಾಗಿ ಹಾದುಹೋಗುತ್ತದೆ. ಆದರೆ ಅಲೆಯ ಅಲ್ಪಾಂಶವೊಂದು ನುಸುಳುವುದು ತಪ್ಪುವುದಿಲ್ಲ, ಮತ್ತು ನುಸುಳುವಿಕೆ ಎರಡೂ ದಿಕ್ಕಿಗೆ ನಡೆಯುತ್ತದೆ. ತಟ್ಟೆಯ ಕೆಳಗಿನ ನೆಲ ಬೀರುವ ರೇಡಿಯೋ ಅಲೆಗಳೂ ಬಲೆಯ ಮೂಲಕ ಮತ್ತು ಅಂಚಿನ ಸುತ್ತ ಬಂದು ಗ್ರಾಹಕವನ್ನು, ಎಂದರೆ ಅಲೆಯನ್ನು ಹಿಡಿಯುವ ರಿಸೀವರನ್ನು, ಸೇರುತ್ತವೆ. ನೆಲ ರೇಡಿಯೋ ಅಲೆ ಬೀರುತ್ತದೆಯೇ ಎಂದು ಕೇಳಬಹುದು. ಶಿರಸಿಯ ಅಡಿಕೆ ತೋಟ, ಅದರ ಬೇಣದ ಗುಡ್ಡ, ತೋಟದಲ್ಲಿ ನಿಂತ ಮನುಷ್ಯ, ಎಲ್ಲವೂ ಬೀರುತ್ತವೆ. ಬೆಚ್ಚಗಿರುವ ಯಾವ ವಸ್ತುವಿನೊಳಗೂ ಎಲೆಕ್ಟ್ರಾನುಗಳು ಅಡ್ಡಾದಿಡ್ಡಿ ಕದಲುತ್ತಿರುತ್ತವೆ, ಕದಲುವ ವಿದ್ಯುದಂಶ ಅಲೆ ಎಬ್ಬಿಸುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನ ನೆಲ ರೇಡಿಯೋ ತಂತ್ರಜ್ಞರ ಲೆಕ್ಕದಲ್ಲಿ 300 ಕೆಲ್ವಿನ್‌ನ ದೀಪ.

ಗದ್ದಲವನ್ನು ಕೆಲ್ವಿನ್‌ನಲ್ಲಿ ಹೇಳುವ ರೂಢಿ ಬಂದದ್ದು ಹೀಗೆ. ಆಕಾಶದ ಹಿನ್ನೆಲೆ, ನೆಲದ ಸೋರಿಕೆ, ಆಂಪ್ಲಿಫೈಯರಿನ ಒಳಗಿನ ಕದಲಿಕೆ, ಕೇಬಲಿನ ನಷ್ಟ, ಇವೆಲ್ಲದರ ಮೊತ್ತಕ್ಕೆ ವ್ಯವಸ್ಥೆಯ ತಾಪಮಾನ ಎನ್ನುತ್ತಾರೆ. ಈ ಮೊತ್ತವನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವ ಶ್ರದ್ಧೆಯಿಂದಲೇ ವಿಜ್ಞಾನದ ಒಂದು ಮಹತ್ತರ ಶೋಧ ನಡೆಯಿತು. 1964–65ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದ ಗದ್ದಲದ ಜಮಾಖರ್ಚು ಬರೆದಾಗ ಸುಮಾರು 3.5 ಕೆಲ್ವಿನ್ ಲೆಕ್ಕಕ್ಕೆ ಸಿಗದೆ ಉಳಿಯಿತು. ಆಂಟೆನಾದೊಳಗಿದ್ದ ಪಾರಿವಾಳದ ಹಿಕ್ಕೆಯನ್ನು ತೊಳೆದ ಮೇಲೂ ಅದು ಹೋಗಲಿಲ್ಲ. ವಿಶ್ವದ ಆರಂಭದ ಕಾಲದಿಂದ ಉಳಿದುಬಂದ ಆ ವಿಕಿರಣದ ತಾಪಮಾನ 2.725 ಕೆಲ್ವಿನ್ ಎಂದು ಈಗ ನಿಖರವಾಗಿ ಅಳೆಯಲಾಗಿದೆ. ನೂರು ರೂಪಾಯಿ ಲೆಕ್ಕದಲ್ಲಿ ಮೂರು ರೂಪಾಯಿ ಹೊಂದದಿದ್ದರೆ ಬಿಟ್ಟುಬಿಡುವ ಸ್ವಭಾವದವರಿಗೆ ಅದು ಸಿಗುತ್ತಿರಲಿಲ್ಲ.

ಕಂಪನಾಂಕ ಇಳಿದಂತೆ ಆಕಾಶಗಂಗೆಯ ಗದ್ದಲ ಬಹಳ ಬೇಗ ಏರುತ್ತದೆ. 1400 ಮೆಗಾಹರ್ಟ್ಸ್‌ನಲ್ಲಿ ಅದು ಕೆಲವೇ ಕೆಲ್ವಿನ್, 150ರಲ್ಲಿ ಹಲವು ನೂರು, ನಮ್ಮ ರಾಜ್ಯದ ಗೌರಿಬಿದನೂರಿನ ಡೈಪೋಲ್ (ಸರಳ ತಂತಿ ಆಂಟೆನಾ) ಸಮೂಹ ಕೆಲಸ ಮಾಡಿದ 34.5 ಮೆಗಾಹರ್ಟ್ಸ್‌ನಲ್ಲಿ ಹತ್ತು ಸಾವಿರ ಕೆಲ್ವಿನ್ ಮಟ್ಟದ್ದು. ಅಂಥ ಕಡೆ ದುಬಾರಿ ಆಂಪ್ಲಿಫೈಯರ್ ಹಾಕಿ ಹತ್ತಿಪ್ಪತ್ತು ಕೆಲ್ವಿನ್ ಉಳಿಸಿದರೆ ಏನೂ ಸಿಗುವುದಿಲ್ಲ; ಅದೇ ಹಣದಲ್ಲಿ ಇನ್ನಷ್ಟು ಡೈಪೋಲ್ ನೆಡುವುದೇ ಜಾಣತನ. ಹೆಚ್ಚಿನ ಕಂಪನಾಂಕದಲ್ಲಿ ಆಕಾಶ ತಣ್ಣಗಿರುವುದರಿಂದ, ಅಲ್ಲಿ ಗ್ರಾಹಕವನ್ನು ಹೀಲಿಯಂ ಅನಿಲದ ಶೀತಲಯಂತ್ರದಿಂದ ತಣಿಸುವ ಖರ್ಚು ಸಾರ್ಥಕವಾಗುತ್ತದೆ.

ಈಗ ಅಂಕಿಗಳನ್ನು ಒಟ್ಟಿಗೆ ತರೋಣ. 45 ಮೀಟರ್ ತಟ್ಟೆಯ ಬಾಯಿಯ ವಿಸ್ತೀರ್ಣ ಸುಮಾರು 1590 ಚದರ ಮೀಟರ್. ಅದರಲ್ಲಿ ಶೇಕಡಾ 60ರಷ್ಟು ಪರಿಣಾಮಕಾರಿ ಎಂದು ಹಿಡಿದು, ವ್ಯವಸ್ಥೆಯ ತಾಪಮಾನ 100 ಕೆಲ್ವಿನ್ ಎಂದು ಇಟ್ಟುಕೊಂಡರೆ, ಒಂದು ತಟ್ಟೆಯ ಗದ್ದಲ ಸುಮಾರು 300 ಜಾನ್‌ಸ್ಕಿಗೆ ಸಮ. ನಮಗೆ ಬೇಕಾದದ್ದು ಒಂದು ಮಿಲಿಜಾನ್‌ಸ್ಕಿ. ಎಂದರೆ ಗದ್ದಲ ಸಂಕೇತಕ್ಕಿಂತ ಮೂರು ಲಕ್ಷ ಪಟ್ಟು ದೊಡ್ಡದು. ಬೈತಖೋಲದ ಭಾಷೆಯಲ್ಲಿ ಹೇಳುವುದಾದರೆ, 20 ಸೆಂಟಿಮೀಟರ್ ತೆರೆಯ ನಡುವೆ ಒಂದು ಮೈಕ್ರೋಮೀಟರಿಗಿಂತ ಕಡಿಮೆ ಏರಿದ ಉಬ್ಬರವನ್ನು ಗುರುತಿಸಬೇಕಾಗಿದೆ.

ಸರಾಸರಿಯ ನಿಯಮವನ್ನು ಇಲ್ಲಿಗೂ ತರಬಹುದು. ಅಳತೆಗಳ ನಡುವೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನಿರ್ಧರಿಸುವುದು ಬ್ಯಾಂಡ್‌ವಿಡ್ತ್, ಎಂದರೆ ಗ್ರಾಹಕ ಒಳಗೆ ಬಿಟ್ಟುಕೊಳ್ಳುವ ಕಂಪನಾಂಕಗಳ ಅಗಲ. ಒಂದೇ ಕಂಪನಾಂಕದ ಅಲೆ ನಿಧಾನವಾಗಿ ಉರುಳುವ ದೊಡ್ಡ ತೆರೆಯಂತೆ ತನ್ನ ಹಿಂದಿನ ಸ್ಥಿತಿಯನ್ನು ಬಹಳ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಹಲವು ಕಂಪನಾಂಕಗಳು ಬೆರೆತ ಅಲೆ ಬೇಗ ಮರೆಯುತ್ತದೆ. 32 ಮೆಗಾಹರ್ಟ್ಸ್ ಅಗಲದ ಗ್ರಾಹಕದಿಂದ ಪ್ರತಿ ಸೆಕೆಂಡಿಗೆ 6.4 ಕೋಟಿ ಸ್ವತಂತ್ರ ಅಳತೆಗಳು ದೊರೆಯುತ್ತವೆ. ಒಂದು ಗಂಟೆಯಲ್ಲಿ ಅದು 23,040 ಕೋಟಿ, ಅದರ ವರ್ಗಮೂಲ 4.8 ಲಕ್ಷ. 300 ಜಾನ್‌ಸ್ಕಿಯನ್ನು 4.8 ಲಕ್ಷದಿಂದ ಭಾಗಿಸಿದರೆ ಸುಮಾರು 0.6 ಮಿಲಿಜಾನ್‌ಸ್ಕಿ. ಅಸಾಧ್ಯವೆಂದು ತೋರಿದ್ದು ಒಂದು ಗಂಟೆಯ ತಾಳ್ಮೆಯಲ್ಲಿ ಕೈಗೆಟುಕುವಷ್ಟು ಹತ್ತಿರ ಬಂದಿದೆ. ಜಿಎಂಆರ್‌ಟಿಯನ್ನು ನವೀಕರಿಸಿದಾಗ ಗರಿಷ್ಠ ಬ್ಯಾಂಡ್‌ವಿಡ್ತನ್ನು 32ರಿಂದ 400 ಮೆಗಾಹರ್ಟ್ಸ್‌ಗೆ ಏರಿಸಿದ್ದರ ಅರ್ಥ ಇದೇ: ಒಂದು ತಟ್ಟೆಯನ್ನೂ ಹೊಸದಾಗಿ ಕಟ್ಟದೆ, ಅಷ್ಟೇ ಹೊತ್ತಿನಲ್ಲಿ ಗದ್ದಲವನ್ನು ಮೂರೂವರೆ ಪಟ್ಟು ತಗ್ಗಿಸುವ ದಾರಿ.

ಆದರೆ ಈ ಲೆಕ್ಕ ಒಂದೇ ತಟ್ಟೆಯಿಂದ ಕೈಗೂಡುವುದಿಲ್ಲ, ಮತ್ತು ಇಡೀ ವಿಷಯದ ತಿರುಳು ಇರುವುದು ಇಲ್ಲಿಯೇ. ಒಂದೇ ತಟ್ಟೆ ಅಳೆಯುವುದು ಒಟ್ಟು ಶಕ್ತಿಯನ್ನು: 300 ಜಾನ್‌ಸ್ಕಿ ಗದ್ದಲ, ಅದರ ಮೇಲೆ 0.001 ಜಾನ್‌ಸ್ಕಿ ಸಂಕೇತ. ಮಧ್ಯಾಹ್ನದ ಬಿಸಿಲಿಗೆ ಆಂಪ್ಲಿಫೈಯರಿನ ಗಳಿಕೆ, ಎಂದರೆ ಅದು ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಸಾವಿರದಲ್ಲಿ ಒಂದು ಪಾಲು ಬದಲಾದರೂ ಅಳತೆ 0.3 ಜಾನ್‌ಸ್ಕಿಯಷ್ಟು ಜರುಗುತ್ತದೆ, ನಾವು ಹುಡುಕುವ ಸಂಕೇತದ 300 ಪಟ್ಟು. ಧಕ್ಕೆಯ ಪಕ್ಕ ನೆಟ್ಟ ಗಳ ಕೆಸರಿನಲ್ಲಿ ಮೆಲ್ಲಗೆ ಹೂತುಹೋಗುತ್ತಿದ್ದರೆ, ಅದನ್ನು ಉಬ್ಬರವೆಂದೇ ಓದಿಬಿಡುತ್ತೇವೆ. ಸಾವಿರ ಸಲ ಓದಿದರೂ ಆ ತಪ್ಪು ಸರಾಸರಿಯಲ್ಲಿ ಅಳಿಯುವುದಿಲ್ಲ.

ಈಗ ಎರಡು ಗಳಗಳನ್ನು ಯೋಚಿಸಿ. ಒಂದು ಬೈತಖೋಲದಲ್ಲಿ, ಇನ್ನೊಂದು ಟಾಗೋರ್ ಕಡಲತೀರದ ಆಚೆ. ಎರಡೂ ಕಡೆ ದೋಣಿಗಳ ಓಡಾಟದಿಂದ, ಗಾಳಿಯಿಂದ ಎದ್ದ ಚಿಕ್ಕ ತೆರೆಗಳಿವೆ, ಆದರೆ ಇಲ್ಲಿಯ ತೆರೆಗೂ ಅಲ್ಲಿಯ ತೆರೆಗೂ ಸಂಬಂಧವಿಲ್ಲ. ಅವುಗಳ ಅಡಿಯಲ್ಲಿ, ಅರಬ್ಬೀ ಸಮುದ್ರದ ನಡುವೆ ಎಲ್ಲೋ ಹುಟ್ಟಿದ, ಕಣ್ಣಿಗೆ ಕಾಣದಷ್ಟು ತಗ್ಗಾದ ಒಂದು ಉದ್ದ ಅಲೆ ಎರಡೂ ಗಳಗಳನ್ನು ಮುಟ್ಟುತ್ತಿದೆ ಎಂದುಕೊಳ್ಳಿ. ಪ್ರತಿ ಕ್ಷಣವೂ ಎರಡು ಗಳಗಳಲ್ಲಿ ನೀರು ತನ್ನ ಸರಾಸರಿಗಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂದು ಬರೆದು, ಆ ಎರಡು ಸಂಖ್ಯೆಗಳನ್ನು ಗುಣಿಸಬೇಕು. ಸ್ಥಳೀಯ ತೆರೆಗಳ ಗುಣಲಬ್ಧ ಒಮ್ಮೆ ಧನ, ಒಮ್ಮೆ ಋಣ; ಸಾಕಷ್ಟು ಹೊತ್ತು ಕೂಡುತ್ತ ಹೋದರೆ ಸೊನ್ನೆಯ ಕಡೆಗೆ ಸಾಗುತ್ತದೆ. ಎರಡಕ್ಕೂ ಸಾಮಾನ್ಯವಾದ ಉದ್ದ ಅಲೆಯಾದರೋ ಎರಡನ್ನೂ ಒಟ್ಟಿಗೆ ಎತ್ತುತ್ತದೆ, ಒಟ್ಟಿಗೆ ಇಳಿಸುತ್ತದೆ. ಧನ ಗುಣಿಸು ಧನ ಧನವೇ, ಋಣ ಗುಣಿಸು ಋಣವೂ ಧನವೇ. ಅಲೆ ಒಂದು ಗಳಕ್ಕೆ ಮೊದಲು ತಾಗಿ ಇನ್ನೊಂದಕ್ಕೆ ತಡವಾಗಿ ತಾಗುತ್ತಿದ್ದರೆ, ಒಂದರ ದಾಖಲೆಯನ್ನು ಅಷ್ಟೇ ಹೊತ್ತು ಹಿಂದೆ ಸರಿಸಿ ಗುಣಿಸಬೇಕು. ಯಾವ ಸರಿಸುವಿಕೆಗೆ ಮೊತ್ತ ಗರಿಷ್ಠವಾಗುತ್ತದೆಯೋ ಅದರಿಂದ ಅಲೆ ಬಂದ ದಿಕ್ಕು ತಿಳಿಯುತ್ತದೆ.

ಇಂಟರ್‌ಫೆರೋಮೀಟರ್ ಎಂಬ, ಆಂಟೆನಾಗಳನ್ನು ಜೋಡಿಸಿ ಕಟ್ಟಿದ ದೂರದರ್ಶಕ ಮಾಡುವುದು ಇಷ್ಟೇ. ಎರಡು ಆಂಟೆನಾಗಳ ಗ್ರಾಹಕಗಳು ಬೇರೆ ಬೇರೆ ಎಲೆಕ್ಟ್ರಾನುಗಳ ಕದಲಿಕೆಯಿಂದ ಗದ್ದಲ ಮಾಡುತ್ತವೆ, ಕೆಳಗಿನ ನೆಲಗಳೂ ಬೇರೆ ಬೇರೆ. ಅವುಗಳಿಗೆ ಪರಸ್ಪರ ಒಪ್ಪಿಗೆಯಾಗಲು ಕಾರಣವೇ ಇಲ್ಲ. ದೂರದ ಗೆಲಾಕ್ಸಿಯ ಅಲೆಯ ವಿಷಯದಲ್ಲಿ ಮಾತ್ರ ಎರಡೂ ಒಂದೇ ಸಾಕ್ಷ್ಯ ನುಡಿಯುತ್ತವೆ. ಕೋರಿಲೇಟರ್ ಎಂಬ ಯಂತ್ರ ಆ ಗುಣಾಕಾರವನ್ನೂ ಕೂಡುವಿಕೆಯನ್ನೂ ಮಾಡುತ್ತದೆ. ಸಂಕೇತವೇ ಇಲ್ಲದಿದ್ದರೆ ಮೊತ್ತ ಸೊನ್ನೆಯ ಸುತ್ತ ಸುಳಿಯುತ್ತದೆಯೇ ಹೊರತು 300 ಜಾನ್‌ಸ್ಕಿಯ ಗುಡ್ಡದ ಮೇಲೆ ಕುಳಿತಿರುವುದಿಲ್ಲ. ಹಾಗಾಗಿ ಆಂಪ್ಲಿಫೈಯರ್ ತುಸು ಜರುಗಿದರೂ ಹುಸಿ ಸಂಕೇತ ಹುಟ್ಟುವುದಿಲ್ಲ. ಈ ಒಪ್ಪಿಗೆ ಎಷ್ಟು ಗಟ್ಟಿಯದು ಎಂಬುದಕ್ಕೆ ನನಗೆ ಸದಾ ಬೆರಗು ತರುವ ಒಂದು ಸಂಗತಿಯಿದೆ: ಅಲೆಯ ಎತ್ತರವನ್ನು ಪೂರ್ತಿ ಬಿಟ್ಟು, ನೀರು ಸರಾಸರಿಗಿಂತ ಮೇಲೋ ಕೆಳಗೋ ಎಂಬ ಒಂದೇ ಒಂದು ಬಿಟ್ ಬರೆದುಕೊಂಡರೂ ಸೂಕ್ಷ್ಮತೆಯ, ಎಂದರೆ ಕ್ಷೀಣ ಸಂಕೇತವನ್ನು ಗುರುತಿಸುವ ಶಕ್ತಿಯ, ಶೇಕಡಾ 64 ಭಾಗ ಉಳಿಯುತ್ತದೆ. ಎರಡು ಬಿಟ್ ಬರೆದರೆ ಶೇಕಡಾ 88.

ಕಡಲತೀರದವರಾದ ನಮಗೆ ಹತ್ತಿರವಾದ ಒಂದು ಇತಿಹಾಸವನ್ನು ಇಲ್ಲಿ ಹೇಳಲೇಬೇಕು. ಖಗೋಳಶಾಸ್ತ್ರದ ಮೊದಮೊದಲ ರೇಡಿಯೋ ಇಂಟರ್‌ಫೆರೋಮೀಟರುಗಳಲ್ಲಿ ಒಂದಕ್ಕೆ ಎರಡನೇ ಆಂಟೆನಾ ಇರಲಿಲ್ಲ. ಆ ಜಾಗದಲ್ಲಿ ಸಮುದ್ರವಿತ್ತು. ಸಿಡ್ನಿಯ ಡೋವರ್ ಹೈಟ್ಸ್‌ನ ಕಡಿದಾದ ದಂಡೆಯ ಮೇಲೆ, ನೀರಿನಿಂದ ಸುಮಾರು 85 ಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದ ಆಂಟೆನಾಕ್ಕೆ, ದಿಗಂತದಲ್ಲಿ ಮೂಡುವ ಸೂರ್ಯನ ಅಲೆ ನೇರವಾಗಿಯೂ ಬರುತ್ತಿತ್ತು, ನೀರಿನ ಮೇಲೆ ಪ್ರತಿಫಲಿಸಿಯೂ ಬರುತ್ತಿತ್ತು. ಎರಡೂ ಸೇರಿ ಏರಿಳಿತದ ಪಟ್ಟೆಗಳನ್ನು ಮೂಡಿಸುತ್ತಿದ್ದವು. ರೂಬಿ ಪೇನ್-ಸ್ಕಾಟ್ ಮತ್ತು ಸಂಗಡಿಗರು 1946ರಲ್ಲಿ ಹೀಗೆ ಸೂರ್ಯನನ್ನು ನೋಡಿದರು. ಇದೇ ಉಪಾಯದಿಂದ ಬೋಲ್ಟನ್, ಸ್ಟ್ಯಾನ್ಲಿ ಮತ್ತು ಸ್ಲೀ 1949ರಲ್ಲಿ ವೃಷಭ ರಾಶಿಯ ರೇಡಿಯೋ ಮೂಲವನ್ನು ಏಡಿ ನೀಹಾರಿಕೆಯೊಂದಿಗೆ ಗುರುತಿಸಿದರು. ಕಾಳಿ ನದಿ ಸಮುದ್ರ ಸೇರುವಲ್ಲಿರುವ ಸದಾಶಿವಗಡದ ಗುಡ್ಡದ ಮೇಲೆ ನಿಂತಾಗಲೆಲ್ಲ ನನಗೆ ಆ ದಂಡೆಯ ನೆನಪಾಗುತ್ತದೆ. ಸಮುದ್ರ ನಮಗೆ ಪಶ್ಚಿಮಕ್ಕಿರುವುದರಿಂದ, ಇಲ್ಲಿ ಅದೇ ಪ್ರಯೋಗ ಮಾಡಿದರೆ ಪಟ್ಟೆಗಳು ಮೂಡುವುದು ತಾರೆಗಳು ಮುಳುಗುವ ಹೊತ್ತಿಗೆ.

ಎರಡು ಆಂಟೆನಾಗಳಿಂದ ಮೂವತ್ತಕ್ಕೆ ಹೋದರೆ ಲಾಭ ಬೇಗ ಬೆಳೆಯುತ್ತದೆ, ಏಕೆಂದರೆ ಪ್ರತಿ ಜೋಡಿಯೂ ಒಂದು ಹೊಸ ಸಾಕ್ಷಿ. 30 ಆಂಟೆನಾಗಳಿಂದ 435 ಜೋಡಿಗಳು, 435ರ ವರ್ಗಮೂಲ ಸುಮಾರು 21. ಒಂದು ಗಂಟೆಯ 0.6 ಮಿಲಿಜಾನ್‌ಸ್ಕಿ 0.03ಕ್ಕೆ, ಎಂದರೆ 30 ಮೈಕ್ರೋಜಾನ್‌ಸ್ಕಿಗೆ ಇಳಿಯುತ್ತದೆ.

ಆಂಟೆನಾಗಳನ್ನು ದೂರ ದೂರ ಇಟ್ಟಷ್ಟೂ ಸೂಕ್ಷ್ಮತೆ ಹೆಚ್ಚುತ್ತದೆ ಎಂಬ ತಪ್ಪು ಕಲ್ಪನೆ ಸಾಮಾನ್ಯವಾಗಿದೆ. ದೂರದಿಂದ ಹೆಚ್ಚುವುದು ವಿವರಗಳನ್ನು ಬಿಡಿಸಿ ನೋಡುವ ಶಕ್ತಿ. ಜಿಎಂಆರ್‌ಟಿಯ ಅತಿ ದೂರದ ಜೋಡಿಗಳ ನಡುವಿನ ಅಂತರ ಸುಮಾರು 25 ಕಿಲೋಮೀಟರ್, ಕಾರವಾರದಿಂದ ಅಂಕೋಲಾಕ್ಕೆ ಹೋಗುವ ದಾರಿಯ ಮುಕ್ಕಾಲು ಪಾಲಿನಷ್ಟು. ಆದರೆ 25 ಕಿಲೋಮೀಟರ್ ವ್ಯಾಸದ ನಿಜವಾದ ತಟ್ಟೆಗೆ ಹೋಲಿಸಿದರೆ, ಮೂವತ್ತೂ ತಟ್ಟೆಗಳ ಒಟ್ಟು ವಿಸ್ತೀರ್ಣ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಚುಕ್ಕಿಯಂತಹ ಮೂಲಕ್ಕೆ ಇದರಿಂದ ತೊಂದರೆಯಿಲ್ಲ. ಅದರ ಅಲೆ ಒಂದೇ ದಿಕ್ಕಿನಿಂದ ಬರುವುದರಿಂದ ಎಷ್ಟು ದೂರದ ಜೋಡಿಯೂ ಒಪ್ಪುತ್ತದೆ. ಮೋಡದಂತೆ ಹರಡಿಕೊಂಡ ಮೂಲದ ಒಂದೊಂದು ಭಾಗದಿಂದ ಬರುವ ಅಲೆಗಳಿಗೆ ಒಂದೊಂದು ತಡ ಇರುತ್ತದೆ. ಹತ್ತಿರದ ಜೋಡಿ ಅವನ್ನು ಒಟ್ಟಾಗಿ ಕಾಣುತ್ತದೆ, ದೂರದ ಜೋಡಿಯಲ್ಲಿ ಅವು ಒಂದನ್ನೊಂದು ಅಳಿಸುತ್ತವೆ. ಅದಕ್ಕಾಗಿಯೇ ಮೂವತ್ತರಲ್ಲಿ 14 ತಟ್ಟೆಗಳನ್ನು ನಡುವಿನ ಸುಮಾರು ಒಂದು ಕಿಲೋಮೀಟರ್ ಜಾಗದಲ್ಲಿ ಗುಂಪಾಗಿ ನಿಲ್ಲಿಸಿ, ಉಳಿದ 16ನ್ನು ಮೂರು ತೋಳುಗಳಲ್ಲಿ ಹರಡಿದ್ದಾರೆ.

ಇಲ್ಲಿಯವರೆಗೆ ಹೇಳಿದ ಗದ್ದಲ ಪ್ರಾಮಾಣಿಕವಾದದ್ದು. ಹೊತ್ತು ಕೊಟ್ಟರೆ ಅದು ತಗ್ಗುತ್ತದೆ. ಹೊತ್ತಿಗೆ ಬಗ್ಗದ ತಪ್ಪುಗಳು ಬೇರೆ ಇವೆ. ನೋಡುತ್ತಿರುವ ಜಾಗದಲ್ಲಿ ಒಂದು ಜಾನ್‌ಸ್ಕಿಯ ಪ್ರಬಲ ಮೂಲವಿದ್ದು, ಆಂಟೆನಾಗಳನ್ನು ಸರಿಹೊಂದಿಸಿದ ಮೇಲೂ ಚಿತ್ರದಲ್ಲಿ ಸಾವಿರದಲ್ಲಿ ಒಂದು ಪಾಲು ತಪ್ಪು ಉಳಿದರೆ, ಅದರ ಸುತ್ತ ಒಂದು ಮಿಲಿಜಾನ್‌ಸ್ಕಿಯ ಹುಸಿ ಉಂಗುರಗಳು ಹರಡುತ್ತವೆ. ಲೆಕ್ಕದ ಗದ್ದಲ 30 ಮೈಕ್ರೋಜಾನ್‌ಸ್ಕಿ ಇರುವಲ್ಲಿ ಇದು ಮೂವತ್ತು ಪಟ್ಟು ದೊಡ್ಡದು. ಆದ್ದರಿಂದಲೇ ವೀಕ್ಷಣೆಯ ನಡುವೆ ಪದೇ ಪದೇ 3ಸಿ 286ರಂತಹ, ತೀವ್ರತೆ ಚೆನ್ನಾಗಿ ಗೊತ್ತಿರುವ ಮೂಲದ ಕಡೆಗೋ ಹತ್ತಿರದ ಇನ್ನೊಂದು ಪ್ರಬಲ ಚುಕ್ಕಿಯ ಕಡೆಗೋ ತಿರುಗಿ, ಪ್ರತಿ ಆಂಟೆನಾ ಎಷ್ಟು ಜರುಗಿದೆ ಎಂದು ಪರೀಕ್ಷಿಸುತ್ತಾರೆ. ಗಳ ಎಷ್ಟು ಹೂತಿದೆ ಎಂದು ಆಗಾಗ ಧಕ್ಕೆಯ ಕಲ್ಲಿನ ಗುರುತಿಗೆ ಹೋಲಿಸಿ ನೋಡಿದಂತೆ. ಕಡಿಮೆ ಕಂಪನಾಂಕಗಳಲ್ಲಿ ಅಯಾನುಗೋಳವೂ, ಎಂದರೆ ವಾತಾವರಣದ ಮೇಲ್ಭಾಗದ ವಿದ್ಯುದಂಶ ತುಂಬಿದ ಪದರವೂ, ತೊಡಕು ತರುತ್ತದೆ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುವುದರಿಂದ, ನಮ್ಮ ಪರ್ಯಾಯ ದ್ವೀಪದ ಮೇಲೆ ಸೂರ್ಯಾಸ್ತದ ನಂತರದ ಕೆಲವು ಗಂಟೆ ಅದು ಕದಡಿಹೋಗಿ, ನೀರಿನಡಿಯ ನಾಣ್ಯದಂತೆ ಮೂಲಗಳು ಅಲುಗಾಡುವುದುಂಟು. ನಮ್ಮ ಕರಾವಳಿಯ ಮಳೆಮೋಡ ಮಾತ್ರ ಮೀಟರ್ ಉದ್ದದ ಅಲೆಗಳಿಗೆ ಅಡ್ಡಿಯೇ ಅಲ್ಲ. ಆಷಾಢದ ಜಡಿಮಳೆಯಲ್ಲೂ ಅವು ಹಾದುಬರುತ್ತವೆ.

ಮನುಷ್ಯನೇ ಹುಟ್ಟಿಸುವ ರೇಡಿಯೋ ಅಡಚಣೆ ಇನ್ನೂ ಕಠಿಣ, ಏಕೆಂದರೆ ಅದು ಎರಡೂ ಗಳಗಳನ್ನು ಮುಟ್ಟುವ ದೊಡ್ಡ ಹಡಗಿನ ತೆರೆಯಂತೆ, ಗದ್ದಲವಾಗಿಯೂ ಒಪ್ಪಿಗೆ ಪಡೆಯುತ್ತದೆ. ಅಲ್ಲಿಯೂ ಒಂದು ಆಸರೆಯಿದೆ. ಭೂಮಿ ತಿರುಗಿದಂತೆ ಆಕಾಶದ ಮೂಲದ ತಡ ಬದಲಾಗುತ್ತ ಹೋಗುತ್ತದೆ, ನೆಲದ ಮೇಲಿನ ಗೋಪುರದ್ದು ಬದಲಾಗುವುದಿಲ್ಲ. ಆಕಾಶದ ತಡಕ್ಕೆ ಸರಿಯಾಗಿ ದಾಖಲೆಯನ್ನು ಸರಿಸುತ್ತಲೇ ಇದ್ದರೆ, ಗೋಪುರದ ಅಲೆ ತಾಳ ತಪ್ಪಿ ಬಹುಮಟ್ಟಿಗೆ ಅಳಿಯುತ್ತದೆ. ಪೂರ್ತಿ ಅಳಿಯದ ಭಾಗವನ್ನು ಕತ್ತರಿಸಿ ಎಸೆಯದೆ ಬೇರೆ ದಾರಿಯಿಲ್ಲ.

ಕೊನೆಗೆ ಚಿತ್ರ ಸಿದ್ಧವಾದಾಗ ಒಂದು ಮಸುಕು ಚುಕ್ಕಿ ಕಾಣುತ್ತದೆ. ಅದನ್ನು ನಂಬಬೇಕೇ? ಚಿತ್ರದ ಖಾಲಿ ಭಾಗದಲ್ಲಿ ಗದ್ದಲದ ಏರಿಳಿತವನ್ನು ಅಳೆದು, ಚುಕ್ಕಿ ಅದರ ಎಷ್ಟು ಪಟ್ಟು ಇದೆ ಎಂದು ನೋಡುತ್ತಾರೆ. ಮೂರು ಪಟ್ಟು ಸಾಕು ಎನಿಸಬಹುದು. ಆದರೆ ಒಂದು ಲಕ್ಷ ಸ್ವತಂತ್ರ ತಾಣಗಳಿರುವ ಚಿತ್ರದಲ್ಲಿ ಬರಿಯ ಗದ್ದಲವೇ ಸುಮಾರು 135 ಕಡೆ ಮೂರು ಪಟ್ಟಿನ ಮಿತಿ ದಾಟುತ್ತದೆ. ಐದು ಪಟ್ಟಿನ ಮಿತಿ ಇಟ್ಟರೆ, ಅಂಥ ಮೂವತ್ತಕ್ಕೂ ಹೆಚ್ಚು ಚಿತ್ರಗಳನ್ನು ನೋಡಿದಾಗ ಒಮ್ಮೆ ಮೋಸ ಹೋದೇವು. ಅಷ್ಟಾದರೂ ಸಂದೇಹ ಉಳಿದವರು ಮಾಡುವ ಪರೀಕ್ಷೆ ಸರಳ. ರಾತ್ರಿಯ ದಾಖಲೆಯನ್ನು ಎರಡು ಭಾಗ ಮಾಡಿ, ಮೊದಲರ್ಧದಿಂದ ಒಂದು ಚಿತ್ರ, ಎರಡನೆಯರ್ಧದಿಂದ ಇನ್ನೊಂದು ಚಿತ್ರ ತೆಗೆಯುತ್ತಾರೆ. ಗದ್ದಲ ಎರಡರಲ್ಲೂ ಅಷ್ಟೇ ಹೆಚ್ಚಿರುತ್ತದೆ, ಆದರೆ ಅದರ ಚುಕ್ಕಿಗಳು ಜಾಗ ಬದಲಿಸಿರುತ್ತವೆ. ಗೆಲಾಕ್ಸಿ ಇದ್ದರೆ ಎರಡೂ ಚಿತ್ರಗಳಲ್ಲಿ ಅದೇ ಜಾಗದಲ್ಲಿ ಇರುತ್ತದೆ.